ದೊಡ್ಡವರಿಗೆ ಕಿವಿ, ಬಾಲ ಇರುವ ಒನ್‌ಸಿ: ಬೇಕೋ ಬೇಡವೋ?

ಎಳೆಬಿಸಿಲು

ಒನ್‌ಸಿ ಅಂದರೆ ಕತ್ತಿನಿಂದ ಕಣಕಾಲಿನವರೆಗೆ ಒಂದೇ ಬಟ್ಟೆ. ಮುಂದೆ ಜಿಪ್ ಇಲ್ಲವೇ ದಪ್ಪ ಗುಂಡಿ, ತಲೆಗೆ ಪಾಂಡಾ, ಹಸು, ಡ್ರ್ಯಾಗನ್ ಮುಖದ ಟೋಪಿ, ಹಿಂದೆ ಬಾಲ. ಈಗ ದೊಡ್ಡವರ ಅಳತೆಯಲ್ಲೂ ಆನ್‌ಲೈನಿನಲ್ಲಿ ರಾಶಿ ಬಿದ್ದಿದೆ. ಮನೆಯಲ್ಲಿ ತೊಡುವ ಬಟ್ಟೆಯಾಗಿ ಇದು ದೊಡ್ಡವರಿಗೆ ಸರಿಯೇ? ಚೆಂದ ಅಥವಾ ಅಸಹ್ಯ ಎಂದು ಹೇಳಿ ಹೋಗುವ ಬದಲು ಬಟ್ಟೆ, ಹೊಲಿಗೆ, ಬಳಕೆ ಬಲ್ಲವರು ಬರೆದರೆ ಉಪಯೋಗ.

ಸೀದಾಸಾದಾ

ಬೇಡ. ಮಗುವಿಗೆ ಇಂಥದ್ದು ಹಾಕಲು ಕಾರಣ ಇದೆ: ಹೊದಿಕೆ ಒದೆಯುತ್ತದೆ, ಅಂಗಿ ಮೇಲೆ ಸರಿದು ಹೊಟ್ಟೆ ತಣ್ಣಗಾಗುತ್ತದೆ, ಬಿಚ್ಚಿ ಬದಲಿಸಲು ಇನ್ನೊಬ್ಬರು ಇರುತ್ತಾರೆ. ದೊಡ್ಡವರಿಗೆ ಈ ಮೂರೂ ಇಲ್ಲ. ಲುಂಗಿ, ನೈಟಿ, ಪೈಜಾಮ ಇರುವ ನಾಡಿಗೆ ಇದು ಯಾವ ಕೊರತೆ ತುಂಬುತ್ತದೋ ತಿಳಿಯದು.

ಥೇಮ್ಸ್_ದಂಡೆ

ದೊಡ್ಡವರ ಬಟ್ಟೆಯೇ ಅಲ್ಲ ಎನ್ನಲಾಗದು. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಯೂಟಿಕಾದಲ್ಲಿ 1868ರಲ್ಲಿ ಪೇಟೆಂಟ್ ಆದ ಯೂನಿಯನ್ ಸೂಟ್ ಹೆಂಗಸರ ಒಂದೇ ತುಂಡಿನ ಒಳ ಉಡುಪು. ಸೊಂಟ ಬಿಗಿಯುವ ಕಾರ್ಸೆಟ್ಟು, ಪದರ ಪದರ ಲಂಗಗಳಿಂದ ಬಿಡುಗಡೆ ಬೇಕೆಂದು ಚಳವಳಿ ನಡೆದ ಕಾಲ ಅದು. ಬರಬರುತ್ತಾ ಗಂಡಸರೂ ಚಳಿಗೆ ಅದನ್ನೇ ಹಿಡಿದರು. ಹಿಂದೆ ಗುಂಡಿ ಬಿಚ್ಚಿ ಇಳಿಸುವ ಪಟ್ಟಿ ಅದರ ಗುರುತೇ ಆಯಿತು.

ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನಲ್ಲಿ ಸೈರನ್ ಸೂಟ್ ಎಂಬ ಒಂದೇ ತುಂಡಿನ ಉಡುಪು ಬಂತು. ವಾಯುದಾಳಿಯ ಸೈರನ್ ಕೂಗಿದ ಕೂಡಲೇ ಮಲಗುವ ಬಟ್ಟೆಯ ಮೇಲೆಯೇ ಏರಿಸಿಕೊಂಡು ಆಶ್ರಯಕ್ಕೆ ಓಡಲು. ಚರ್ಚಿಲ್ ಅದನ್ನು ಗೆರೆ ಬಟ್ಟೆಯಲ್ಲೂ ವೆಲ್ವೆಟ್ಟಿನಲ್ಲೂ ಹೊಲಿಸಿಕೊಂಡು ಗಣ್ಯರ ಎದುರೇ ತೊಡುತ್ತಿದ್ದರು. ವೆಲ್ವೆಟ್ಟಿನದನ್ನು ಹೊಲಿದದ್ದು ಲಂಡನ್ನಿನ ಟರ್ನ್‌ಬುಲ್ ಅಂಡ್ ಆಸರ್ ಎಂಬ ಉಡುಪಿನ ಅಂಗಡಿ.

ಪ್ರಾಣಿಮುಖದ ಕಿಗುರುಮಿ ಜಪಾನಿನದು. 2000ರ ದಶಕದ ಮೊದಲ ವರ್ಷಗಳಲ್ಲಿ ಟೋಕಿಯೋದ ಶಿಬುಯಾದಲ್ಲಿ ಹದಿಹರೆಯದವರು ಅದನ್ನು ಬೀದಿಗೇ ತಂದರು. ನಾರ್ವೆಯ ಒನ್‌ಪೀಸ್ ಕಂಪನಿ 2007ರಲ್ಲಿ ಶುರುವಾಯಿತು. 2012–13ರ ಚಳಿಗಾಲದ ಹೊತ್ತಿಗೆ ಬ್ರಿಟನ್ನಿಗೆ ಒನ್‌ಸಿ ಹುಚ್ಚು ಹಿಡಿದಿತ್ತು. ಕೊಂಡವರೆಲ್ಲ ತೆರಿಗೆ ಕಟ್ಟುವ ವಯಸ್ಸಿನವರೇ.

ಸೀದಾಸಾದಾ

ಚರ್ಚಿಲ್ ಸೂಟಿಗೆ ಬಾಲ ಇರಲಿಲ್ಲವಲ್ಲ!

ಕತ್ತರಿ_ಟೇಪು

ಬಾಲದ ಮಾತು ಆಮೇಲೆ. ಈ ಬಟ್ಟೆ ಗೆಲ್ಲುವುದೂ ಸೋಲುವುದೂ ಮುಂಡದ ಉದ್ದದಲ್ಲಿ. ಪ್ಯಾಂಟು–ಅಂಗಿ ಬೇರೆ ಇದ್ದರೆ ಬಾಗಿದಾಗ ಸೊಂಟದ ಹತ್ತಿರ ಎರಡೂ ಸರಿದು ಜಾಗ ಮಾಡಿಕೊಡುತ್ತವೆ. ಇಲ್ಲಿ ಸರಿಯಲು ಸಂದಿಯೇ ಇಲ್ಲ. ಬಾಗಿದರೆ ಬೆನ್ನು ಉದ್ದವಾಗುತ್ತದೆ, ಬಟ್ಟೆ ಹೆಗಲನ್ನು ಕೆಳಕ್ಕೂ ತೊಡೆಸಂದಿಯನ್ನು ಮೇಲಕ್ಕೂ ಎಳೆಯುತ್ತದೆ.

ಅಳತೆ ಹೀಗೆ: ಕತ್ತಿನ ಬುಡಕ್ಕೂ ಹೆಗಲ ತುದಿಗೂ ನಡುವೆ ಟೇಪಿನ ಸೊನ್ನೆ ಇಟ್ಟು, ಎದೆಯ ಮೇಲಿಂದ ಇಳಿಸಿ, ಕಾಲ ನಡುವೆ ಹಾಯಿಸಿ, ಬೆನ್ನಿನ ಮೇಲೆ ಹತ್ತಿಸಿ ಅದೇ ಬಿಂದುವಿಗೆ ತನ್ನಿ. ದೊಡ್ಡವರಲ್ಲಿ ಈ ಸುತ್ತು ಸುಮಾರು 150ರಿಂದ 175 ಸೆಂ.ಮೀ. ನಿಂತು ಒಮ್ಮೆ, ಕುರ್ಚಿಯಲ್ಲಿ ಕೂತು ಮುಂದೆ ಬಾಗಿ ಒಮ್ಮೆ ಅಳೆದು ದೊಡ್ಡದನ್ನೇ ಹಿಡಿಯಿರಿ. ಅದಕ್ಕೆ ಹಿಗ್ಗದ ಬಟ್ಟೆಯಾದರೆ 12–15 ಸೆಂ.ಮೀ., ಹೊಸೈರಿ ಥರ ಹಿಗ್ಗುವುದಾದರೆ 5–8 ಸೆಂ.ಮೀ. ಸಡಿಲ ಸೇರಿಸಬೇಕು.

ಮಾರಾಟದ ಕಿಗುರುಮಿಗಳ ಪಟ್ಟಿಯಲ್ಲಿ ಈ ಅಳತೆಯೇ ಇರುವುದಿಲ್ಲ. 148–158, 158–168, 168–178 ಎಂದು ಎತ್ತರದ ಮೇಲೆ ಎಸ್, ಎಂ, ಎಲ್. ಒಂದೇ ಎತ್ತರದ ಇಬ್ಬರಲ್ಲಿ ಒಬ್ಬರಿಗೆ ಕಾಲು ಉದ್ದ, ಇನ್ನೊಬ್ಬರಿಗೆ ಮುಂಡ ಉದ್ದ. ಎಲ್ಲರಿಗೂ ಆಗಲಿ ಎಂದು ತಯಾರಕರು ತೊಡೆಸಂದಿಯನ್ನು ಮೊಣಕಾಲ ಹತ್ತಿರಕ್ಕೇ ಇಳಿಸಿಬಿಟ್ಟಿದ್ದಾರೆ. ಕುಳಿತರೆ ಆರಾಮ. ಮೆಟ್ಟಿಲು ಹತ್ತುವಾಗ ಹೆಜ್ಜೆ ತುಂಡಾಗಿ ಮುಗ್ಗರಿಸುತ್ತದೆ. ಹಾಸ್ಯಾಸ್ಪದ ಅನ್ನಿಸುವುದರಲ್ಲಿ ಅರ್ಧ ಪಾಲು ಪಾಂಡಾದ್ದಲ್ಲ, ಈ ಜೋತು ಬಿದ್ದ ಕಟಿಂಗಿನದು.

ಎಳೆಬಿಸಿಲು

ಕೊಂಡುಬಿಟ್ಟಿರುವುದರ ತೊಡೆಸಂದಿಯನ್ನು ಮೇಲೆತ್ತಿಸಬಹುದೇ?

ಕತ್ತರಿ_ಟೇಪು

ಆಗುತ್ತದೆ. ಒಳಮೈ ಹೊರಗೆ ಮಾಡಿ ಮೇಜಿನ ಮೇಲೆ ಹಾಸಿ. ಈಗಿನ ಸಂದಿಗಿಂತ 10–12 ಸೆಂ.ಮೀ. ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಅಲ್ಲಿಂದ ಎರಡೂ ಕಾಲಿಗೆ ಇಳಿಯುವ ಹಾಗೆ ಬೋರಲು ಹಾಕಿದ ಬಟ್ಟಲಿನಂಥ ಗುಂಡನೆಯ ಗೆರೆ ಎಳೆಯಿರಿ. ಚೂಪು ಮೂಲೆ ಬೇಡವೇ ಬೇಡ, ಎಳೆತ ಪೂರಾ ಆ ಒಂದು ಚುಕ್ಕಿಗೆ ಬಿದ್ದು ಹೊಲಿಗೆ ಅಲ್ಲೇ ಬಿಡುತ್ತದೆ. ಮೊದಲು ಕಚ್ಚಾ ಹೊಲಿಗೆ ಹಾಕಿ, ತೊಟ್ಟು, ಕುಕ್ಕರಗಾಲಲ್ಲಿ ಕುಳಿತು ನೋಡಬೇಕು. ಒಂದೊಂದು ಕಾಲಿನ ಸುತ್ತು ತೊಡೆಯ ಅಳತೆಗಿಂತ ಕನಿಷ್ಠ 10 ಸೆಂ.ಮೀ. ಹೆಚ್ಚು ಉಳಿಯಬೇಕು. ಜಿಪ್ ತುದಿಗೂ ಹೊಸ ಹೊಲಿಗೆಗೂ 5–6 ಸೆಂ.ಮೀ. ಅಂತರ ಇರಲಿ. ಎಲ್ಲ ಸರಿ ಇದ್ದರೆ ಎರಡು ಸಾಲು ಹೊಲಿಗೆ, 1 ಸೆಂ.ಮೀ. ಅಂಚು ಬಿಟ್ಟು ಕತ್ತರಿಸಿ ಓವರ್‌ಲಾಕ್. ಬಟ್ಟೆ ಕತ್ತರಿಸಿದ ಮೇಲೆ ತೊಟ್ಟು ನೋಡುವವರು ಬಹಳ ಮಂದಿ, ಅವರಿಗೆ ದೇವರೇ ಗತಿ.

ಧಾರವಾಡ_ಫೇಡೆ

ಎಲ್ಲಾ ಬರೋಬ್ಬರಿ ಐತ್ರಿ. ಆದ್ರ ಅರ್ಜೆಂಟ್ ಬಂದಾಗ ಏನ್ ಮಾಡೂದು? ಅದನ್ನ ಯಾರೂ ಹೇಳವಲ್ರಿ.

ಕತ್ತರಿ_ಟೇಪು

ನಿಜವಾದ ಪ್ರಶ್ನೆ ಅದೇ. ಮೂರು ಬಗೆ ತೆರಪು ಸಿಗುತ್ತವೆ.

ಒಂದು, ಮುಂದಿನ ಗುಂಡಿ. ಕಿಗುರುಮಿಗಳಲ್ಲಿ ಐದಾರು ಗುಂಡಿ ಹೊಕ್ಕುಳ ಹತ್ತಿರ ಮುಗಿಯುತ್ತವೆ. ಹೆಂಗಸರು ಹೆಗಲಿಂದ ಪೂರಾ ಇಳಿಸಲೇಬೇಕು. ಕುಕ್ಕರಗಾಲಲ್ಲಿ ಕೂರುವ ಇಂಡಿಯನ್ ಟಾಯ್ಲೆಟ್ಟಿನಲ್ಲಿ ಇಳಿಸಿದ ಮೇಲ್ಭಾಗ, ಟೋಪಿ ಸಮೇತ, ಒದ್ದೆ ನೆಲಕ್ಕೆ ಬೀಳುತ್ತದೆ. ಎರಡು ತೋಳನ್ನೂ ಸೊಂಟದ ಮುಂದೆ ಗಂಟು ಹಾಕಿಕೊಂಡು ಕೂರುವುದೊಂದೇ ದಾರಿ. ಚಳಿಗೆಂದು ತೊಟ್ಟ ಬಟ್ಟೆ ಪ್ರತಿ ಸಲವೂ ಮೈ ಪೂರ್ತಿ ಚಳಿಗೆ ಒಡ್ಡುತ್ತದೆ.

ಎರಡು, ಎರಡು ಎಳೆಪಟ್ಟಿ ಇರುವ 65–75 ಸೆಂ.ಮೀ. ಜಿಪ್. ಮೇಲಿಂದಲೂ ಕೆಳಗಿಂದಲೂ ತೆರೆಯುತ್ತದೆ. ಗಂಡಸರಿಗೆ ಸಾಕು. ಜಿಪ್ ಒಳಗೆ 3 ಸೆಂ.ಮೀ. ಅಗಲದ ಪಟ್ಟಿ ಕಡ್ಡಾಯ, ಇಲ್ಲದಿದ್ದರೆ ಚರ್ಮ ಸಿಕ್ಕಿಕೊಳ್ಳುವ ಅಪಾಯ ಎಲ್ಲರಿಗೂ ಗೊತ್ತಿರುವಂಥದ್ದೇ.

ಮೂರು, ಹಿಂದಿನ ತೆರಪು. ಬೆನ್ನಿನ ಸೊಂಟದ ಗೆರೆಯಲ್ಲಿ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ 40–45 ಸೆಂ.ಮೀ. ಅಡ್ಡ ಜಿಪ್. ಗುಂಡಿ ಪಟ್ಟಿಗಿಂತ ಇದು ಮೇಲು: ಗುಂಡಿ ಕೂತಾಗ ಒತ್ತುತ್ತದೆ, ಬಾಗಿದಾಗ ಕಾಜಾ ಬಾಯಿ ಬಿಡುತ್ತದೆ. ಜಿಪ್ಪಿನ ಎಳೆಪಟ್ಟಿ ಮುಚ್ಚಿದಾಗ ಪಕ್ಕೆಗೆ ಬರಬೇಕು, ನಡುಬೆನ್ನಿಗೆ ಬಂದರೆ ಮಲಗಲಾಗದು. ಈ ಅನುಕೂಲ ಇರುವ ಸಿದ್ಧ ಉಡುಪು ಕಡಿಮೆ, ಟೈಲರ್ ಹತ್ತಿರವೇ ಹಾಕಿಸಬೇಕು. ದೊಡ್ಡವರು ಇದನ್ನು ನಾಲ್ಕು ಸಲ ತೊಟ್ಟು ಮೂಲೆಗೆ ಎಸೆಯುವುದು ನಾಚಿಕೆಗಲ್ಲ, ಬಾತ್‌ರೂಮಿಗೆ.

ನೂಲು_ನೇಯ್ಗೆ

ಬಟ್ಟೆಯ ವಿಷಯ. ಮಾರುಕಟ್ಟೆಯ ಕಿಗುರುಮಿ ಬಹುಪಾಲು ಪಾಲಿಯೆಸ್ಟರ್ ಫ್ಲೀಸ್, 220ರಿಂದ 280 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ ಅಷ್ಟು ಗ್ರಾಂ. ಒಬ್ಬರಿಗೆ ಒಂದೂವರೆ ಮೀಟರ್ ಪನ್ನದ ಬಟ್ಟೆ ಮೂರೂವರೆ ಮೀಟರ್ ಬೇಕು, ಚೂರುಪಾರು ಹೋಗಿ ಮೈಮೇಲೆ ಉಳಿಯುವುದು ಸುಮಾರು 4.5 ಚದರ ಮೀಟರ್. 250 ಜಿಎಸ್‌ಎಂ ಹಿಡಿದರೆ 1.1 ಕಿಲೋ. ಇಷ್ಟೂ ಭಾರ ಹೆಗಲ ಮೇಲೆ ತೂಗುತ್ತದೆ, ಸೊಂಟಕ್ಕೆ ಏನೂ ಬೀಳದು. ಹೆಗಲ ಹೊಲಿಗೆಗೆ ಹಿಗ್ಗದ ಟೇಪು ಸೇರಿಸದಿದ್ದರೆ ಕೆಲವೇ ಒಗೆತಗಳಲ್ಲಿ ಹೆಗಲು ಜೋತು ಕೈ ಉದ್ದವಾಗುತ್ತದೆ.

ಫ್ಲೀಸು ಹುಟ್ಟಿದ್ದು 1979ರಲ್ಲಿ, ಅಮೆರಿಕದ ಮಸಾಚುಸೆಟ್ಸ್‌ನ ಮಾಲ್ಡನ್ ಮಿಲ್ಸ್‌ನಲ್ಲಿ, ಚಳಿಯಲ್ಲಿ ಬೆಟ್ಟ ಹತ್ತುವವರ ಹಗುರ ಉಡುಪಿಗಾಗಿ. ಎಬ್ಬಿಸಿದ ನಯ ಎಳೆಗಳ ನಡುವೆ ಗಾಳಿ ನಿಂತು ಬೆಚ್ಚಗಿಡುತ್ತದೆ. ಆದರೆ ಪಾಲಿಯೆಸ್ಟರ್ ಎಳೆ ತನ್ನ ತೂಕದ 0.4%ರಷ್ಟು ತೇವ ಮಾತ್ರ ಹೀರುತ್ತದೆ, ಹತ್ತಿ 8%ರ ಆಸುಪಾಸು. ಹಾಗಾಗಿ ಬೆವರು ಒಳಗೇ ಉಳಿದು ಸೆಕೆ, ಅಂಟು, ತೊಡೆಸಂದಿನಲ್ಲಿ ತುರಿಕೆ. ಒಣಹವೆಯಲ್ಲಿ ಬಿಚ್ಚುವಾಗ ಚಟಪಟ ಕಿಡಿ ಬೇರೆ.

ಬೆಂಗಳೂರಿನಲ್ಲಿ ಜನವರಿಯ ಕನಿಷ್ಠ ಉಷ್ಣಾಂಶ ಸಾಮಾನ್ಯವಾಗಿ 15–16 ಡಿಗ್ರಿ. ಮನೆಯೊಳಗೆ ಅದಕ್ಕೂ ಹೆಚ್ಚು. ಅಲ್ಲಿಗೆ 280 ಜಿಎಸ್‌ಎಂ ಫ್ಲೀಸು ಅತಿಯಾಯಿತು. ತಿರುಪ್ಪೂರಿನವರು ಲೂಪ್‌ನಿಟ್ ಅನ್ನುವ, ಒಳಗೆ ಕುಣಿಕೆ ಇರುವ ಹತ್ತಿ ಹೊಸೈರಿ 220–240 ಜಿಎಸ್‌ಎಂ ಸಾಕು. ಕರಾವಳಿಗೆ ಅದೂ ಬೇಡ.

ಕತ್ತರಿ_ಟೇಪು

ಹತ್ತಿ ಅಂದಮೇಲೆ ಒಂದು ಮಾತು ಸೇರಿಸುತ್ತೇನೆ. ಹೊಸೈರಿ ಹತ್ತಿ ಮೊದಲ ಒಗೆತದಲ್ಲೇ 5% ಕುಗ್ಗಬಹುದು. ಪ್ಯಾಂಟಿಗೆ 5% ಅಂದರೆ ಕಣಕಾಲು ಚೂರು ಕಾಣುತ್ತದೆ, ಅಷ್ಟೇ. 165 ಸೆಂ.ಮೀ. ಮುಂಡದ ಸುತ್ತಿಗೆ 5% ಅಂದರೆ 8 ಸೆಂ.ಮೀ. ಬಿಟ್ಟ ಸಡಿಲವೆಲ್ಲ ಅಲ್ಲಿಗೆ ಖಲಾಸ್. ಕತ್ತರಿಸುವ ಮೊದಲು ಬಟ್ಟೆಯನ್ನು ನೆನೆಸಿ, ಹಿಂಡದೆ, ಅಡ್ಡ ಹಾಸಿ ಒಣಗಿಸಲೇಬೇಕು.

ಸೀದಾಸಾದಾ

ಅಂದರೆ ಚಳಿ ಇಲ್ಲದ ಕಡೆ ಬೇಡ, ಬಾತ್‌ರೂಮಿಗೆ ಕಷ್ಟ, ಕುಗ್ಗಿದರೆ ಕಸ. ನಾನು ಒಂದೇ ಮಾತಲ್ಲಿ ಹೇಳಿದ್ದನ್ನು ನೀವು ಅಳತೆ ಸಮೇತ ಹೇಳುತ್ತಿದ್ದೀರಿ.

ಥೇಮ್ಸ್_ದಂಡೆ

ಚಳಿ ಇರುವ ಕಡೆಯ ಲೆಕ್ಕ ಬೇರೆ. ಇಂಗ್ಲೆಂಡಿನಲ್ಲಿ ಚಳಿಗಾಲಕ್ಕೆ ಮನೆಯೊಳಗೆ ಕನಿಷ್ಠ 18 ಡಿಗ್ರಿ ಇರಲಿ ಎಂಬುದು ಆರೋಗ್ಯ ಇಲಾಖೆಯವರ ಸಲಹೆ. 2022ರ ಅಕ್ಟೋಬರಿನಿಂದ ಸಾಮಾನ್ಯ ಮನೆಯೊಂದರ ವಿದ್ಯುತ್–ಗ್ಯಾಸ್ ಬಿಲ್ಲನ್ನು ವರ್ಷಕ್ಕೆ ಸುಮಾರು 2,500 ಪೌಂಡಿನ ಮಟ್ಟಕ್ಕೆ ಹಿಡಿಯಲು ಸರ್ಕಾರವೇ ಮಧ್ಯೆ ಬರಬೇಕಾಯಿತು. ಅಂಥಲ್ಲಿ ಕೋಣೆ ಬಿಸಿ ಮಾಡುವುದಕ್ಕಿಂತ ಮೈ ಬಿಸಿ ಇಟ್ಟುಕೊಳ್ಳುವುದು ಅಗ್ಗ. ಸೊಂಟದ ಹತ್ತಿರ ಗಾಳಿ ನುಗ್ಗುವ ಸಂದಿ ಇಲ್ಲದಿರುವುದು ಒನ್‌ಸಿಯ ದೊಡ್ಡ ಲಾಭ. ಸೋಫಾದಲ್ಲಿ ಮೂರು ಗಂಟೆ ಅಲುಗಾಡದೆ ಕೂರುವವರಿಗೆ ಪೈಜಾಮಕ್ಕಿಂತ ಇದೇ ಸರಿ.

ಹಳೇ_ಕೊಪ್ಪೆ

ನಮ್ಮಲ್ಲಿ ಇಂಥದ್ದಕ್ಕೆ ಬೇಡಿಕೆ ಇರಲಿಲ್ಲ ಎನ್ನುವುದೂ ಪೂರ್ತಿ ಸರಿಯಲ್ಲ. ಮಲೆನಾಡಿನ ಕಂಬಳಿ ಕೊಪ್ಪೆ ನೆನಪಿಸಿಕೊಳ್ಳಿ. ಕಂಬಳಿಯ ಮೂಲೆ ಮಡಚಿ ತಲೆಗೆ ಟೋಪಿ ಮಾಡಿ, ಉಳಿದದ್ದು ಬೆನ್ನಿಗೆ. ಮಳೆ, ಚಳಿ ಎರಡಕ್ಕೂ ಒಂದೇ. ಜಿಪ್ಪೂ ಇಲ್ಲ, ಬಾತ್‌ರೂಮಿನ ತಾಪತ್ರಯವೂ ಇಲ್ಲ.

ಧಾರವಾಡ_ಫೇಡೆ

ಕಂಬಳಿಗೆ ಎರಡು ಕಿವಿ ಹಚ್ಚಿ ಆನ್‌ಲೈನಿಗೆ ಬಿಡ್ರಿ, ಹೋಗ್ತಾವು.

ನೂಲು_ನೇಯ್ಗೆ

ಬೆಂಕಿಯ ಬಗ್ಗೆ ಯಾರೂ ಬರೆದಿಲ್ಲ, ಅದು ನಗುವ ವಿಷಯವಲ್ಲ. ಪಾಲಿಯೆಸ್ಟರ್ 250–260 ಡಿಗ್ರಿಗೆ ಕರಗುತ್ತದೆ, ಕರಗಿದ್ದು ಚರ್ಮಕ್ಕೆ ಅಂಟಿ ಸುಡುತ್ತದೆ. ಹತ್ತಿ ಎಂದಾಕ್ಷಣ ಕ್ಷೇಮ ಅಲ್ಲ: ಮೇಲ್ಮೈ ಉಜ್ಜಿ ಜುಂಗೆಬ್ಬಿಸಿದ ಹತ್ತಿ ಫ್ಲಾನೆಲ್ ಮೇಲೆ ಜ್ವಾಲೆ ಸರ್ರನೆ ಹರಡುತ್ತದೆ. ಸಾಮಾನ್ಯ ಅಂಗಿಯನ್ನು ಹರಿದಾದರೂ ಎಳೆದು ಬಿಸಾಡಬಹುದು. ಜಿಪ್ ಸಿಕ್ಕಿಕೊಂಡ ಒನ್‌ಸಿಯಿಂದ ಹೊರಬರುವುದು ಸುಲಭವಲ್ಲ. ಬ್ರಿಟನ್ನಿನಲ್ಲಿ 1985ರ ರಾತ್ರಿ ಉಡುಪು ಸುರಕ್ಷತಾ ನಿಯಮದ ಪ್ರಕಾರ ದೊಡ್ಡವರ ಮಲಗುವ ಬಟ್ಟೆಗೂ ಬೆಂಕಿಯಿಂದ ದೂರವಿಡಿ ಎಂದೋ, ನಿಧಾನ ಉರಿಯುವ ಪರೀಕ್ಷೆ ಪಾಸಾಗಿದೆ ಎಂದೋ ಚೀಟಿ ಇರಲೇಬೇಕು.

ಕಿಗುರುಮಿಯ ತೋಳು ಅಗಲ, ರಟ್ಟೆಯಿಂದಲೇ ಜೋತಿರುತ್ತದೆ. ಗ್ಯಾಸ್ ಒಲೆಯ ಹಿಂದಿನ ಬರ್ನರಿಗೆ ಕೈಚಾಚಿದರೆ ಮುಂದಿನ ಬರ್ನರಿನ ಮೇಲೆ ತೋಳು. ಮುಂಗೈಗೆ ರಿಬ್ ಪಟ್ಟಿ ಹಾಕಿಸಿ, ಅಡುಗೆಗೆ ನಿಂತರೆ ಮೊಣಕೈವರೆಗೆ ಏರಿಸಿ. ನೆಲದಲ್ಲಿ ದೀಪ ಹಚ್ಚುವ ಮನೆಗಳಲ್ಲಿ, ದೀಪಾವಳಿಯ ರಾತ್ರಿಯಂತೂ, ಇದನ್ನು ತೊಡುವುದೇ ಬೇಡ. ಹಿಂದಿನ ಬಾಲ ಎಲ್ಲಿ ಹರಿದಾಡುತ್ತಿದೆ ಎಂದು ತೊಟ್ಟವರಿಗೆ ಗೊತ್ತಾಗದು.

ಆರೈಕೆ_ಮನೆ

ಮಲಗುವುದಕ್ಕೆ ಇದು ಸರಿಯೇ ಎಂಬುದಕ್ಕೆ: ನಿದ್ದೆ ಹತ್ತುವ ಹೊತ್ತಿಗೆ ಮೈಯ ಒಳಗಿನ ಶಾಖ ಇಳಿಯಬೇಕು. ಆ ಶಾಖ ಹೊರಗೆ ಹೋಗುವುದು ಮುಖ್ಯವಾಗಿ ಅಂಗೈ, ಅಂಗಾಲುಗಳಿಂದ. ಪಾದ ಮುಚ್ಚಿದ ಫ್ಲೀಸು ತೊಟ್ಟು ಅದರ ಮೇಲೆ ರಗ್ಗೂ ಹೊದ್ದರೆ ನಡುರಾತ್ರಿ ಬೆವರಿ ಎಚ್ಚರ ಆಗುವುದು ಸಹಜ. ಕೂರಲು ಫ್ಲೀಸು, ಮಲಗಲು ಪಾದ ತೆರೆದ ಹತ್ತಿ, ಹೀಗೆ ಬೇರೆ ಬೇರೆ ಇರಲಿ. ಋತುಬಂಧದ ಹೊತ್ತಿನ ಸೆಕೆ ಇರುವ ಹೆಂಗಸರು ರಾತ್ರಿಗೆ ಇದನ್ನು ಬಿಡುವುದೇ ಒಳ್ಳೆಯದು.

ಪಾದ ಇರುವ ಬಗೆ ಗ್ರಾನೈಟ್, ವಿಟ್ರಿಫೈಡ್ ನೆಲದ ಮೇಲೆ ಜಾರುತ್ತದೆ. ಅಂಗಾಲಿಗೆ ರಬ್ಬರ್ ಚುಕ್ಕಿ ಇರುವ ಬಟ್ಟೆಯೇ ಬೇಕು. ಅರವತ್ತು ದಾಟಿದವರಿಗೆ ಪಾದವಿಲ್ಲದ್ದನ್ನೇ ಕೊಡಿ.

ಒನ್‌ಸಿ ಗಂಭೀರ ಕೆಲಸಕ್ಕೂ ಬರುತ್ತದೆ. ಮರೆಗುಳಿ ಕಾಯಿಲೆಯವರು ಹೊತ್ತಲ್ಲದ ಹೊತ್ತಲ್ಲಿ ಬಟ್ಟೆ ಬಿಚ್ಚುವುದು, ಡಯಾಪರ್ ಕಿತ್ತು ಹಾಕುವುದು ಉಂಟು. ಅವರಿಗೆಂದು ಬೆನ್ನಿನಲ್ಲಿ ಜಿಪ್ ಇರುವ, ಹೊರನೋಟಕ್ಕೆ ಅಂಗಿ–ಪ್ಯಾಂಟಿನಂತೆಯೇ ಕಾಣುವ ಒಂದೇ ತುಂಡಿನ ಉಡುಪು ಇದೆ. ಆದರೆ ತಾನಾಗಿ ಬಿಚ್ಚಲಾಗದ ಬಟ್ಟೆ ಒಂದು ರೀತಿ ಕಟ್ಟಿಹಾಕಿದ ಹಾಗೆಯೇ. ಮೊದಲು ಕಾರಣ ಹುಡುಕಬೇಕು: ಸೆಕೆಯೇ, ತುರಿಕೆಯೇ, ಒದ್ದೆಯಾಗಿದೆಯೇ, ಬಾತ್‌ರೂಮಿಗೆ ಹೋಗಬೇಕೆಂದು ಹೇಳಲು ಬಾರದೆ ಒದ್ದಾಡುತ್ತಿದ್ದಾರೆಯೇ? ಕಾರಣ ಸಿಗದಿದ್ದರೆ ಮಾತ್ರ ಇದು. ಹಾಕಿದರೂ ಎರಡು ಗಂಟೆಗೊಮ್ಮೆ ನೋಡಬೇಕು. ಪಾಂಡಾ, ಮೊಲದ ಮುಖವಂತೂ ಅವರಿಗೆ ಬೇಡ. ಅದನ್ನು ಆರಿಸಿದ್ದು ಅವರಲ್ಲ, ನಗುವುದು ನೋಡುವವರು.

ಸೀದಾಸಾದಾ

ಈ ಕೊನೆಯ ಮಾತು ಒಪ್ಪಿದೆ. ಆಯ್ಕೆ ಮಾಡಿ ತೊಟ್ಟವರಿಗೆ ಪಾಂಡಾ ಮುಖ ಆಟ, ಮತ್ತೊಬ್ಬರು ತೊಡಿಸಿದರೆ ಅವಮಾನ. ಆದರೂ ಬಾಗಿಲಿನ ಆಚೆಗೆ ಬೇಡ ಅನ್ನುತ್ತೇನೆ. ಪಾರ್ಸೆಲ್ ಇಸಕೊಳ್ಳುವವರೆಗೆ ಸರಿ, ಹಾಲಿನ ಬೂತಿಗೆ ಅಲ್ಲ.

ಹಳೇ_ಕೊಪ್ಪೆ

ಹಾಲಿನ ಬೂತಿಗೆ ನೈಟಿ ಮೇಲೆ ಟವೆಲ್ ಹಾಕಿಕೊಂಡು ಬರುವುದನ್ನು ನಮ್ಮೂರುಗಳು ಎಂದೋ ಒಪ್ಪಿವೆ. ಎಲ್ಲೆಡೆ ಅಲ್ಲ ಅನ್ನಿ. ಆಂಧ್ರದ ಪಶ್ಚಿಮ ಗೋದಾವರಿ ಜಿಲ್ಲೆಯ ತೋಕಲಪಲ್ಲಿಯಲ್ಲಿ 2018ರಲ್ಲಿ ಊರ ಹಿರಿಯರು ಹಗಲು ಹೊತ್ತು ನೈಟಿ ಹಾಕಬಾರದು ಎಂದು ಕಟ್ಟಳೆ ಮಾಡಿದ್ದರು. ತಪ್ಪಿದವರಿಗೆ 2,000 ರೂಪಾಯಿ ದಂಡ, ಚಾಡಿ ಹೇಳಿದವರಿಗೆ 1,000 ಬಹುಮಾನ. ಗಂಡಸರ ಲುಂಗಿಗೆ ಅಂಥ ದಂಡವಿದ್ದದ್ದು ಕೇಳಿಲ್ಲ.

ಥೇಮ್ಸ್_ದಂಡೆ

ಇಲ್ಲಿ ಬ್ರಿಟನ್ನಿನಲ್ಲೂ ಕಮ್ಮಿಯೇನಿಲ್ಲ. 2010ರಲ್ಲಿ ಕಾರ್ಡಿಫ್‌ನ ಒಂದು ಟೆಸ್ಕೊ ಅಂಗಡಿ ಪೈಜಾಮದಲ್ಲಿ ಬಂದವರಿಗೆ ಪ್ರವೇಶವಿಲ್ಲ ಎಂದು ಬೋರ್ಡ್ ಹಾಕಿತ್ತು. ಒನ್‌ಸಿ ಹುಚ್ಚು ಅದಾದ ಎರಡೇ ವರ್ಷಕ್ಕೆ ಬಂತು. ಮಲಗುವ ಬಟ್ಟೆಯಲ್ಲಿ ಬೀದಿಗೆ ಬರುವುದು ಎಲ್ಲಿಯಾದರೂ ಮೊದಲು ಹೆಂಗಸರ ಮೇಲಿನ ದೂರಾಗುತ್ತದೆ. ಇದನ್ನು ಈ ಚರ್ಚೆಯಲ್ಲೂ ಸ್ವಲ್ಪ ಗಮನಿಸಿ.

ಎಳೆಬಿಸಿಲು

ಮನೆಯಲ್ಲೇ ಹೊಲಿಯುವವರಿಗೆ ಎಚ್ಚರಿಕೆಗಳು? ಒಗೆಯುವುದು ಹೇಗೆ? ಬಾಲದ ಬಾಕಿಯೂ ಇದೆ.

ಕತ್ತರಿ_ಟೇಪು

ಫ್ಲೀಸಿಗೆ ತುದಿ ಗುಂಡಗಿರುವ ಬಾಲ್‌ಪಾಯಿಂಟ್ ಸೂಜಿ, 14ನೇ ನಂಬರ್. ಹೊಲಿಗೆ ಉದ್ದ 3–3.5 ಮಿ.ಮೀ., ಅಡ್ಡಕ್ಕೆ ಒಂದಿಷ್ಟೇ ಝಿಗ್‌ಝ್ಯಾಗ್. ನೇರ ಸಣ್ಣ ಹೊಲಿಗೆ ಹಾಕಿದರೆ ಬಟ್ಟೆ ಹಿಗ್ಗಿದಾಗ ನೂಲು ಪಟಕ್ಕನೆ ಹೋಗುತ್ತದೆ. ಜುಂಗಿನ ದಿಕ್ಕು ಎಲ್ಲ ತುಂಡಿನಲ್ಲೂ ಕೆಳಮುಖ ಇರಲಿ, ತಿರುಗಿಸಿ ಕತ್ತರಿಸಿದ ತೋಳು ಬೇರೆ ಬಣ್ಣದ ಹಾಗೆ ಕಾಣುತ್ತದೆ. ಪ್ರೆಷರ್ ಫುಟ್ಟಿನ ಒತ್ತಡ ಇಳಿಸಿ, ಇಲ್ಲದಿದ್ದರೆ ಮೇಲಿನ ಪದರ ಮುಂದಕ್ಕೆ ತಳ್ಳಿಕೊಂಡು ಹೋಗುತ್ತದೆ. ಜಿಪ್ ಕೂರುವ ಅಂಚಿಗೆ ಮೊದಲೇ ಹಿಗ್ಗದ ಟೇಪು ಹೊಲಿದರೆ ಜಿಪ್ ಅಲೆ ಅಲೆಯಾಗದು. ಇಸ್ತ್ರಿ ನೇರ ತಾಗಿಸಿದರೆ ಜುಂಗು ಕರಗಿ ಹೊಳೆಯುವ ಕಲೆ ಬೀಳುತ್ತದೆ, ಅದು ಹೋಗುವುದಿಲ್ಲ.

ನೂಲು_ನೇಯ್ಗೆ

ಒಗೆತ: ಜಿಪ್ ಮುಚ್ಚಿ, ಒಳಮೈ ಹೊರಗೆ ಮಾಡಿ, 30 ಡಿಗ್ರಿ ನೀರು. ಮೃದುಗೊಳಿಸುವ ಕಂಡಿಷನರ್ ಬೇಡ, ಎಳೆಯ ಮೇಲೆ ಜಿಡ್ಡಿನ ಪದರ ಕೂತು ಜುಂಗು ಒಂದಕ್ಕೊಂದು ಅಂಟುತ್ತದೆ, ಉರಿಯುವ ಗುಣವೂ ಹೆಚ್ಚುತ್ತದೆ. ಡ್ರೈಯರಿನ ಹೆಚ್ಚು ಬಿಸಿಗೆ ಹಾಕಬೇಡಿ. ಹೆಗಲಲ್ಲಿ ನೇತುಹಾಕಿದರೆ ಒದ್ದೆ ಭಾರಕ್ಕೆ ಮುಂಡ ಇನ್ನೂ ಜೋಲುತ್ತದೆ, ಎರಡು ಹಗ್ಗದ ಮೇಲೆ ಅಡ್ಡ ಹಾಕಿ. ಟೋಪಿಯ ಮುಖದಲ್ಲಿ ಎರಡು ಮೂರು ಪದರ ಇರುವುದರಿಂದ ಕೊನೆಗೆ ಒಣಗುವುದು ಅದೇ. ಮಳೆಗಾಲದಲ್ಲಿ ಮುಗ್ಗುಲು ವಾಸನೆ ಶುರುವಾಗುವುದೂ ಅಲ್ಲಿಂದಲೇ.

ಕತ್ತರಿ_ಟೇಪು

ಬಾಲದ ಬಾಕಿ ತೀರಿಸುತ್ತೇನೆ. ಸಿದ್ಧ ಉಡುಪಿನಲ್ಲಿ ಬಾಲವನ್ನು ಬೆನ್ನಿನ ನಡು ಹೊಲಿಗೆಗೆ ಸೇರಿಸಿಬಿಟ್ಟಿರುತ್ತಾರೆ. ಅದರ ಮೇಲೆ ಕೂತು ಏಳುವಾಗ ಎಳೆತ ನೇರ ಆ ಹೊಲಿಗೆಗೆ, ಬಾಲದ ಜೊತೆ ಬೆನ್ನೂ ಬಿಚ್ಚುತ್ತದೆ. ಬಾಲವನ್ನು ಬಿಡಿಸಿ ಹೊಲಿಗೆ ಮುಚ್ಚಿ. ಒಳಗಡೆ 8 ಸೆಂ.ಮೀ. ಚೌಕದ ಗಟ್ಟಿ ಕಾಟನ್ ತುಂಡು ಕೊಟ್ಟು, ಅದರ ಮೇಲೆ ನಾಲ್ಕು ಟಿಚ್ ಬಟನ್. ಬಾಲದ ಬುಡಕ್ಕೆ ಜೋಡಿ ನಾಲ್ಕು. ಎಳೆತ ಬಿದ್ದರೆ ಬಟನ್ ಬಿಡುತ್ತದೆ, ಬಟ್ಟೆ ಉಳಿಯುತ್ತದೆ. ಸೊಂಟದಿಂದ 10 ಸೆಂ.ಮೀ. ಕೆಳಗೆ ಕೂರಿಸಿ, ಅಡ್ಡ ಜಿಪ್ ಇದ್ದರೆ ಅದಕ್ಕೆ ತಾಗದ ಹಾಗೆ.

ಸೀದಾಸಾದಾ

ಟಿಚ್ ಬಟನ್ ಇದ್ದರೆ ಬಾಲವನ್ನು ಬೀರುವಿನಲ್ಲೇ ಬಿಡಬಹುದು. ಆಗ ಅಡ್ಡಿಯಿಲ್ಲ.

ಧಾರವಾಡ_ಫೇಡೆ

ಬಾಲ ಬಿಟ್ಟ ಮ್ಯಾಲೆ ಅದಕ್ಕ ಪಾಂಡಾ ಅನ್ನಬ್ಯಾಡ್ರಿ, ಬಾಯ್ಲರ್ ಸೂಟ್ ಅನ್ರಿ. ಗ್ಯಾರೇಜಿಗೆ ಹಾಕ್ಕೊಂಡ್ ಹೋದ್ರ ಯಾರೂ ಕೇಳಂಗಿಲ್ಲ.